ಗಾಜು ಒರಸು

ತೀನ್ ಕಂದೀಲ್ ಹತ್ರ ನಂದು ಝೆರಾಕ್ಸ್ ಅಂಗಡಿ.
ಪುಟಕ್ಕ ಎಂಟಾಣೆ ಇದ್ದ ಕಾಲದಾಗ
ಸೂಗಮ್ಮ ಮೇಡಂ ಮೊದಲ ಸಲ ಬಂದಿದ್ರು,
ಹಳೇ ಸೀರಿಯಾಗ ಸುತ್ತಿದ ಒಂದು ರಿಜಿಸ್ಟರು:
ಲಿಂಗಸುಗೂರು ಕಚೇರಿ ಅಂಗಳದಾಗ
ನಿಜಾಮರ ಕಾಲಕ್ಕ ಬಿದ್ದ ಮಳಿ ಲೆಕ್ಕ.

ಹುಳ ತಿಂದ ಹಾಳಿ. ಅಂಕಿ ಎಲ್ಲಾ ಉರ್ದು.
ಅಬ್ಬಾ ಕಲಿಸಿದ್ದು ನನಗ ಬರ್ತಿತ್ತು,
ಓದಿ ಹೇಳೂ ಕೆಲಸ ನಂದಾತು, ಪಗಾರ ಇಲ್ದ.
"ಮೇಡಂ, ಇದರಾಗ ಸೊನ್ನಿ ಅಂದ್ರ ಚುಕ್ಕಿ.
ಗುಂಡಗಿರೂದು ಐದು."
ಆವತ್ತು ಸ್ಟೂಲಿನ ಮ್ಯಾಲ ಕುಂತವರು
ಚಾ ಆರಿದರೂ ಏಳಲಿಲ್ಲ.
ಇಂಗ್ಲಿಷಿಗೆ ಇಳಿಸಿದ ಕಾರಕೂನನ ಕೈಯಾಗ
ಎಷ್ಟು ಐದು ಸೊನ್ನಿ ಆಗ್ಯಾವೋ,
ಎಷ್ಟು ಮಳಿ ಮೇಜಿನ ಮ್ಯಾಲ ಇಂಗ್ಯಾವೋ!

ಫಿಜಿಕ್ಸಿನವರು "ಇದು ಹಿಸ್ಟರಿ" ಅಂದ್ರು,
ಹಿಸ್ಟರಿಯವರು "ಇದು ಫಿಜಿಕ್ಸು" ಅಂದ್ರು.
ಹಿಂಗಾಗಿ ಇಪ್ಪತ್ತಾರು ವರ್ಷ
ನನ್ನ ಸ್ಟೂಲೇ ಮೇಡಂ ಡಿಪಾರ್ಟ್‌ಮೆಂಟು.

ಎಷ್ಟು ಬಿತ್ತು ಅನ್ನೂದಲ್ಲ, ಅಳದವ ಯಾರು ಅನ್ನೂದು ಅವರ ಪ್ರಶ್ನಿ.
ಸಹಿ ಸಾಹೇಬಂದು.
ಮುಂಜಾನಿ ಎಂಟಕ್ಕ ತಾಮ್ರದ ಡಬ್ಬಿಗೆ ಬಗ್ಗಿದವ ಬ್ಯಾರೆ.
ಬ್ಯಾಸಗಿ ಪೂರಾ, ಮೋಡದ ಚೂರೂ ಇಲ್ಲದ ದಿನಾನೂ ಹೋಗಿ
ಒಣ ತಳ ನೋಡಿ ಬಂದು ಇಟ್ಟಾನ ಒಂದು ಚುಕ್ಕಿ.
"ನೋಡದ ಇಟ್ಟಿದ್ರ ಯಾರು ಕೇಳ್ತಿದ್ರು, ಪಾಶಾ?"

ಒಮ್ಮೆ ಆಗಸ್ಟಿನ ಪುಟ ತಗೊಂಡು ಹೋದ್ರು.
ಹದಿನೈದು ದಿನಕ್ಕ ಅದೇ ಪುಟ ಹಿಡಕೊಂಡು ಬಂದ್ರು.
ಪ್ರತಿಯಾಗ ಚುಕ್ಕಿ ಅದ.
ಅಸಲಿನಾಗ ಆ ಮನಿ ಖಾಲಿ.
ನನ್ನ ಮಶೀನಿನ ಧೂಳು,
ಎಲ್ಲಿ ಬೀಳಬಾರದೋ ಅಲ್ಲೇ ಬಿದ್ದದ.
ಬೈಲಿಲ್ಲ. "ಗಾಜು ಒರಸು, ಪಾಶಾ,
ಖಾಲಿ ಬ್ಯಾರೆ, ಸೊನ್ನಿ ಬ್ಯಾರೆ."

ಹನ್ನೊಂದು ವರ್ಷದಾಗ ಅದೊಂದೇ ದಿನ ಆತ ಹೋಗಿಲ್ಲ.
ಮರುದಿನದಿಂದ ಚುಕ್ಕಿ ಸಣ್ಣದು,
ಟಾಕು ಒತ್ತಿ ಒತ್ತಿ ಹಾಳಿ ತೂತು.

"ಮಗಳು ಇರಬೇಕ್ರಿ," ಅಂದೆ ನಾನು.
"ಅಪ್ಪ ತೀರಿಕೊಂಡಾನ, ಆಕಿ ಡಬ್ಬಿ ಸಂಭಾಳಿಸ್ಯಾಳ.
ಬರೀರಿ, ಓದವರ ಕಣ್ಣಾಗ ನೀರು ಬರ್ತದ."
ನಕ್ಕರು. ಬಾಳ ಹೊತ್ತು ಆ ತೂತಿನ ಮ್ಯಾಲ ಬೆರಳಾಡಿಸಿದ್ರು.
ಪುಸ್ತಕದಾಗ ಬರದದ್ದು ಎರಡೇ ಶಬ್ದ:
"ಬೇರೆ ಕೈ."

ಮೇಡಂ ಹೋಗಿ ಮೂರು ವರ್ಷಾತು.
ಮೊನ್ನೆ ಒಬ್ಬ ಹುಡುಗ ಆ ಪುಸ್ತಕ ತಂದಿದ್ದ,
ಎಪ್ಪತ್ತೆರಡನೇ ಪುಟ ಒಂದೇ ಸಾಕು ಅಂದ.
ಗಾಜು ಒರಸಿದೆ. ಬೆಳಕಿಗೆ ಹಿಡದು ನೋಡಿ
ಮತ್ತ ಒರಸಿದೆ.
"ಅರ್ಜೆಂಟ್ ಅದ ಅಂಕಲ್," ಅಂದ.
ಖಾಲಿ ಮನಿ ಖಾಲಿಯಾಗೇ ಬಂತು.
ಎರಡು ರೂಪಾಯಿ ತಗೊಂಡೆ.
ಅದು ಮಗಳ ಕೈನ ಅಂತ
ಅವಗೇನೂ ಹೇಳಲಿಲ್ಲ.