ಲಾಭ, ಎರಡು, ಮೂರು

ನಸುಕಿನ್ಯಾಗ, ರೊಟ್ಟಿ ಹೊಳ್ಳಿಸೂ ಹೊತ್ತಿಗೆ ಮೆಸೇಜು ಬಂತು.
ಕೈತುಂಬ ಹಿಟ್ಟು.
ಶಿವಲೀಲಾ ಗ್ವಾಡಿ ಆಚೆಯಿಂದನ ಒದರಿದಳು:
"ಅಕ್ಕಾ, ನೆಟ್ ಯಾಕ ಹೋತು?"

ಗುಳೇದಗುಡ್ಡದಾಗ ನಮ್ಮದು ಸಣ್ಣ ಓಣಿ.
ಒಂದ ಮನಿ ಒಗ್ಗರಣಿಗೆ ಮೂರ ಮನಿ ಸೀನತಾವು.
ರೊಟ್ಟಿ ಆರ್ಡರಿಗಂತ ದಿನಕ್ಕ ಎರಡ ಜಿಬಿ ಹಾಕಿಸಿದ್ದೆ,
ನನಗೊಬ್ಬಾಕಿಗೆ ಅಷ್ಟ ಎಲ್ಲಿ ತೀರಬೇಕು?
ಹಾಟ್‌ಸ್ಪಾಟ್ ಹಚ್ಚಿಬಿಡತಿದ್ದೆ, ತಲಬಾಗಲ ತೆಗೆದಿಟ್ಟಂಗ.
ಶಿವಲೀಲಾನ ಕಾಲೇಜಿನ ಲ್ಯಾಪ್‌ಟಾಪು,
ಎದರ ಮನಿ ಚಂದ್ರಭಾಗಿ ಖಣದ ಫೋಟೋ ಕಳಸೂ ಒಡಕ ಟ್ಯಾಬು,
ಆಕಿ ಗಂಡ ಮಗ್ಗ ನಿಂತಾಗ ನೋಡೂ ಕುಸ್ತಿ,
ಎಲ್ಲಾ ನನ್ನ ಒಲಿ ಕಾವಿನ್ಯಾಗನ.

ಬಕೀಟ ಡಬ್ಬ ಹಾಕಿ, ಅದರ ಮ್ಯಾಲ ಹತ್ತಿ, ಆಕಿನ ಓದಿದಳು:
"ನಿಮ್ಮ ಪ್ಲಾನಿನಲ್ಲಿ ಹಾಟ್‌ಸ್ಪಾಟ್ ಸೌಲಭ್ಯ ಇರುವುದಿಲ್ಲ.
ಪ್ರತ್ಯೇಕ ಪ್ಯಾಕ್ ಖರೀದಿಸಿ."

ಕಂಪನಿಗೆ ಫೋನ್ ಹಚ್ಚಿದೆ.
ಒಂದು ಒತ್ತು, ಎರಡು ಒತ್ತು, ಒಂಬತ್ತು ಒತ್ತು,
ಕಡೀಕ ಒಬ್ಬಾಕಿ ಜೀವಂತ ಸಿಕ್ಕಳು.
"ಮೇಡಂ, ಡೇಟಾ ನಿಮ್ಮ ಸ್ವಂತ ಬಳಕೆಗೆ ಮಾತ್ರ."
ತಂಗೀ, ಅಂದೆ, ಗಿರಣಿ ಶೇಕಪ್ಪ ಜೋಳ ಬೀಸತಾನ,
ಬೀಸಿದ್ದಕ್ಕ ರೊಕ್ಕ ಇಸಗೋತಾನ.
ರೊಟ್ಟಿ ಯಾರ ಹೊಟ್ಟಿಗೆ ಹೋತಂತ
ನನ್ನ ಬೆನ್ನ ಹತ್ತಿ ಮನೀತನ ಬರೂದಿಲ್ಲ.
ಆ ಕಡೆ ಸುಮ್ಮಾತು.
ಆಮ್ಯಾಲ ಸಣ್ಣ ದನಿಲೆ: "ನನ್ನ ಕೈಯಾಗ ಏನೂ ಇಲ್ರಿ ಅಕ್ಕಾ."
ಮೇಡಂ ಅಂದಾಕಿ ಅಕ್ಕಾ ಅಂದಳು.
ಅವತ್ತಿನ ಗಳಿಕಿ ಅಷ್ಟ.

ಹಂಚೂದು ಅವರಿಗೆ ಹೆಂಗ ಗೊತ್ತಾತು?
ಬಸ್ ಸ್ಟ್ಯಾಂಡಿನ್ಯಾಗ ಮೊಬೈಲ್ ಬಿಚ್ಚೂ ದಾವಲಸಾಬ
ಚಹಾ ಬಸೀಗಿ ಸುರುಕೊಂಡ ಹೇಳಿದ:
"ಹೋಗೂ ಒಂದೊಂದ ತುಣುಕಿನ ಹಣಿಮ್ಯಾಗೂ ಒಂದ ಅಂಕಿ ಬರದಿರತೈತಿ.
ಅರವತ್ನಾಕು. ಹೊಸ್ತಿಲ ದಾಟಿದರ ಒಂದ ಕಡಿಮಿ.
ಶಿವಲೀಲಾನ ಮನ್ಯಾಗ ಹುಟ್ಟಿದ್ದು ನಿಮ್ಮ ಫೋನ್ ದಾಟೂದ್ರಾಗ
ಅರವತ್ಮೂರು. ಅಲ್ಲೇ ಸಿಗಬೀಳತೇವಿ."
ಹಂಗಾರ?
"ಒಂದ ಹೆಚ್ಚಿಗಿ ಕೊಟ್ಟ ಕಳಸೂದು. ಅರವತ್ತೈದು."

ನನಗ ನಗಿ ತಡೀಲಿಲ್ಲ.
ನಮ್ಮತ್ತಿ ಜೋಳ ಅಳಿಯೂವಾಗ
ಒಂದು ಅಂತ ಎಂದೂ ಅಂದಾಕಿ ಅಲ್ಲ.
ಲಾಭ, ಎರಡು, ಮೂರು.
ಹತ್ತ ರೊಟ್ಟಿ ಕೇಳಿದವರಿಗೆ ಹನ್ನೊಂದ ಕಟ್ಟಾಕಿ.
ಹಾದ್ಯಾಗ ಒಂದ ಮುರೀತೈತಿ, ಇಲ್ಲಾ ಯಾರರ ಕೇಳತಾರ.

ಹದಿನೇಳ ದಿನ ನಡೀತು.
ಹದಿನೆಂಟನೇ ದಿನ ಕಂಪನಿಯೂ ಏನೋ ಕಲೀತು.
ದಾವಲ ಇನ್ನೊಂದ ಆ್ಯಪ್ ತಂದ, ನನಗ ಸಾಕಾಗಿತ್ತು.
ಎಲ್ಲಾರೂ ಕೂಡಿ ಪ್ಯಾಕ್ ಹಾಕಸೂನು ಅಂದ ಚಂದ್ರಭಾಗಿ ಗಂಡ.
ಚಂದ್ರಭಾಗಿಗೆ ಸಿಟ್ಟ ಬಂತು:
"ಕೊಂಡ ನೀರಿಗೆ ಮತ್ತ ಹಗ್ಗದ ರೊಕ್ಕ ಕೊಡಬೇಕೇನು?"
ಹಂಗಂದು ತಾಸಿನ್ಯಾಗ ಆಕಿನ ಇಪ್ಪತ್ತ ರೂಪಾಯಿ ತಂದಿಟ್ಟಳು.
ನಾ ಇಸಕೋಲಿಲ್ಲ.

ಈಗ ಫೋನು ನಡುವಿನ ಗ್ವಾಡಿಮ್ಯಾಲ ಇರತೈತಿ,
ಮೊದಲ ಚಿಮಣಿ ಇಡತಿದ್ದ ಜಾಗಾದಾಗ.
ಎಲ್ಲಾರ ಕೈಗೂ ಎಟಕತೈತಿ.
ಹಾಟ್‌ಸ್ಪಾಟ್ ಬಂದ್. ಹೊಸ್ತಿಲ ಯಾವುದೂ ದಾಟೂದಿಲ್ಲ.
ಕಂಪನಿ ಲೆಕ್ಕದಾಗ ಒಂದ ಫೋನು, ಒಬ್ಬಾಕಿ ಹೆಣ್ಮಗಳು, ಸ್ವಂತ ಬಳಕೆ.
ಫೋನಿನ ಒಳಗ ಐದ ಹೆಬ್ಬಟ್ಟು.

ಸಾಲಿ ಕಲಿಯದಾಕಿ ನಾನು, ಬ್ಯಾಂಕಿನ್ಯಾಗ ಇನ್ನೂ ಹೆಬ್ಬಟ್ಟ ಒತ್ತಾಕಿ.
ಆದರ ಹಿಟ್ಟ ಹತ್ತಿದ ನನ್ನ ಬಟ್ಟಿನ ಗುರ್ತು
ನನ್ನ ಫೋನಿಗೇ ಸಿಗೂದಿಲ್ಲ.
ನಿನ್ನೆ ಮುಧೋಳದಿಂದ ಮದುವಿ ಮನ್ಯಾವರು ನೂರ ರೊಟ್ಟಿ ಕೇಳಿ ಬರದಿದ್ದರು.
ಶಿವಲೀಲಾ, ತೆಗಿ ಅಂದೆ.
ಆಚೆಯಿಂದ ಬಳಿ ಸಪ್ಪಳ, ಒಂದ ಬೆರಳು. ತೆರೀತು.
"ಎಷ್ಟ ಅಂತ ಬರೀಲಿ ಅಕ್ಕಾ?"
ನೂರ ಅಂತನ ಬರಿ ಅಂದೆ,
ನೂರಾ ಒಂದಕ್ಕ ಹಿಟ್ಟ ನಾದಕೋತ.