ಕೈಗಡ

ಜುಬೈಲಿನಲ್ಲಿ ಇರುಳಿಗೆ ಪೂರ್ತಿ ಕಪ್ಪಾಗಲು ಬರುವುದಿಲ್ಲ.
ರಿಫೈನರಿಯ ಕೊಳವೆ ಉರಿಯುತ್ತಲೇ ಇರುತ್ತದೆ,
ಲ್ಯಾಬಿನ ಕಿಟಕಿಯಲ್ಲಿ ಒಂದು ಕಿತ್ತಳೆ ಕಲೆ,
ನನ್ನ ಹನ್ನೆರಡು ಗಂಟೆಯ ಪಾಳಿಯುದ್ದಕ್ಕೂ.

ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ
ಬಿಸಿಯುಸಿರು, ಹುಳಿ ಬಂದ ಹಿಟ್ಟಿನ ವಾಸನೆ.
ತಟ್ಟೆಯ ಮೇಲೆ ಮದ್ದಿನ ಆರು ಬಿಳಿ ಬಿಲ್ಲೆ.
ಮದ್ದು ನಾಟಿದ ಕಡೆ ಸುತ್ತ ಬಯಲು ಬಿದ್ದಿರಬೇಕು,
ಚಂದ್ರನ ಸುತ್ತ ಕೊಡೆ ಕಟ್ಟಿದ ಹಾಗೆ.
ಏಳನೇ ಹಾಸಿಗೆಯ ತಟ್ಟೆಯಲ್ಲಿ ಒಂದಕ್ಕೂ ಬಯಲಿಲ್ಲ.
ಮೆರೊಪೆನೆಮ್ಮಿನ ಬಿಲ್ಲೆಗೆ ಒತ್ತಿಕೊಂಡೇ ಬೆಳೆದಿವೆ,
ಠಾಣೆಯ ಗೋಡೆಗೇ ಅಂಗಡಿ ಹಾಕಿದವರಂತೆ.

ಏಳನೇ ಹಾಸಿಗೆ ಅಂದರೆ ಢಾಲ್ ಬಹಾದೂರ್ ಪುನ್,
ಅಟ್ಟಣಿಗೆ ಕಟ್ಟುವವನು, ವಯಸ್ಸು ಮೂವತ್ತೊಂದು.
ಬಿದ್ದದ್ದು ಎರಡು ಮಾಳಿಗೆ, ಮುರಿದದ್ದು ತೊಡೆ.
ಜ್ವರ ಮಾತ್ರ ಆಸ್ಪತ್ರೆಯದೇ.

ಕಡೆಯ ಮದ್ದು ಒಂದಿತ್ತು, ಕೊಲಿಸ್ಟಿನ್.
ಮೂತ್ರಪಿಂಡ ತಿನ್ನುತ್ತದೆಂದು ಅಟ್ಟಕ್ಕೆ ಎಸೆದ ಹಳೆಯ ಸಾಮಾನು.
ಮನುಷ್ಯರಿಗೆ ಬೇಡವಾಗಿದ್ದಾಗ
ಕೋಳಿಗಳಿಗೆ ಮೇವಿನಲ್ಲಿ ಕಲಸಿ ಹಾಕಿದರು, ಬೇಗ ತೂಕ ಬರಲೆಂದು.
ಉಳಿದದ್ದೆಲ್ಲ ಸೋತ ಮೇಲೆ ಧೂಳು ಕೊಡವಿ ಇಳಿಸಿಕೊಂಡೆವು.
ಅದರ ಪರೀಕ್ಷೆಗೆ ಬಿಲ್ಲೆ ನಡೆಯದು,
ಸಾಲು ಗುಣಿಗಳಲ್ಲಿ ಸಾರು ಹೊಯ್ದು ಕಾಯಬೇಕು.
ಕಾದೆ. ಬೆಳಗಿನ ಜಾವ ನಾಲ್ಕಕ್ಕೆ
ಮೊದಲ ಗುಣಿ ಕದಡಿತ್ತು.
ಎರಡನೆಯದೂ. ನಾಲ್ಕನೆಯದೂ.
ಅಕ್ಕಿ ತೊಳೆದ ನೀರು.

ಇಷ್ಟೇ ಆಗಿದ್ದರೆ ಫೋನು ಮಾಡಿ ಮುಗಿಸುತ್ತಿದ್ದೆ.
ಒಂಬತ್ತನೇ ಹಾಸಿಗೆಯಲ್ಲಿ ಅಬೂ ಮಿಶಾರಿ,
ಮುತ್ತಿಗೆ ಮುಳುಗುತ್ತಿದ್ದವರ ಮನೆತನದ ಮುದುಕ.
ಏಳರದು ಕ್ಲೆಬ್ಸಿಯೆಲ್ಲಾ, ಒಂಬತ್ತರದು ಇ. ಕೊಲೈ.
ಜಾತಿ ಬೇರೆ, ಗೋತ್ರ ಬೇರೆ.
ಯಂತ್ರಕ್ಕೆ ಕೊಟ್ಟು ನೋಡಿದರೆ
ಎರಡರ ಒಳಗೂ ಅದೇ ಉಂಗುರ.

ಪ್ಲಾಸ್ಮಿಡ್ ಅನ್ನುತ್ತಾರೆ ಇದಕ್ಕೆ.
ನಮ್ಮ ಕಡೆ ಆಸ್ತಿ ಅಪ್ಪನಿಂದ ಮಗನಿಗಲ್ಲ, ಮಾವನಿಂದ ಅಳಿಯನಿಗೆ.
ಮಲ್ಪೆಯ ನಮ್ಮಜ್ಜನ ದೋಣಿ ಹಾಗೆ ಅಡ್ಡಕ್ಕೆ ಹೋದದ್ದು ಕೇಳಿ
ಇಲ್ಲಿಯವರು ನಗುತ್ತಾರೆ.
ಈ ಉಂಗುರಕ್ಕೆ ಮಗನೂ ಬೇಡ, ಅಳಿಯನೂ ಬೇಡ,
ಪಕ್ಕಕ್ಕೆ ಬಂದು ನಿಂತವನಾದರೆ ಸಾಕು.
ಒಂದು ನೂಲು ಚಾಚಿ ಹತ್ತಿರಕ್ಕೆಳೆದು
ಒಂದು ಪ್ರತಿ ತನಗಿಟ್ಟುಕೊಂಡು, ಒಂದನ್ನು ದಾಟಿಸುತ್ತದೆ.
ಬಡ್ಡಿ ಇಲ್ಲ, ಪತ್ರ ಇಲ್ಲ,
ಇಕಾಮಾ ತೋರಿಸು ಅನ್ನುವುದಿಲ್ಲ.
ಕೊಟ್ಟಷ್ಟೂ ಹೆಚ್ಚುತ್ತದೆ ಎಂದು
ಶಾಲೆಯಲ್ಲಿ ವಿದ್ಯೆಯ ಬಗ್ಗೆ ಬಾಯಿಪಾಠ ಮಾಡಿಸಿದ್ದರಲ್ಲ,
ಇದೂ ವಿದ್ಯೆಯೇ, ಸಾಯದಿರುವ ವಿದ್ಯೆ.

ಢಾಲ್ ಬಹಾದೂರನಿಗೆ ಅರಬಿ ಬಾರದು,
ಅಬೂ ಮಿಶಾರಿಗೆ ನೇಪಾಳಿ.
ನಡುವೆ ಎಂಟನೇ ಹಾಸಿಗೆ ಖಾಲಿ, ಒಂದು ಪರದೆ,
ಒಂದೇ ಒಂದು ಬೇಸಿನ್ನು.
ಅದರ ಕೊರಳೊಳಗೆ ಹತ್ತಿಯ ಕಡ್ಡಿ ಇಳಿಸಿ ತಂದವಳು ನಾನೇ.
ಅಲ್ಲಿ, ಲೋಳೆಯಲ್ಲಿ, ಆರಾಮ ಕೂತು ಮಾತಾಡಿಕೊಂಡಿದ್ದವು.
ನಾವೆಲ್ಲ ದಿನಕ್ಕೆ ಮೂವತ್ತು ಸಲ
ಅಲ್ಲೇ ಕೈ ತೊಳೆದುಕೊಂಡವರು.

ಫೋನಿನಲ್ಲಿ ಸಿಸ್ಟರ್ ರೊವೆನಾ:
"ಯಾವುದಾದರೂ ಒಂದಕ್ಕೆ?"
ಅಕ್ಷರ ಓದಿದೆ. ಆರ್. ಆರ್. ಆರ್.
ನಿಯಮದಂತೆ ಪ್ರತಿಯೊಂದನ್ನೂ ತಿರುಗಿ ಹೇಳಿ ಬರೆದುಕೊಂಡಳು.
ಕೊನೆಯದನ್ನು ತಿರುಗಿ ಹೇಳಲಿಲ್ಲ.
"ಎಚ್ಚರ ಇದೆ ಅವನಿಗೆ" ಅಂದಳು,
"ತಮ್ಮನಿಗೆ ಸಿಮ್ ರೀಚಾರ್ಜ್ ಆಗಬೇಕಂತೆ.
ಇಪ್ಪತ್ತು ರಿಯಾಲು ನಾನೇ ಕೊಟ್ಟೆ,
ಸಂಬಳ ಬಂದ ಮೇಲೆ ಕೊಡುತ್ತಾನಂತೆ."

ಬೆಳಗಿನ ಬಸ್ಸಿನಲ್ಲಿ ಖರ್ಜೂರದ ಡಬ್ಬಿ
ಮುಂದಿನ ಸೀಟಿನಿಂದ ಕೈಯಿಂದ ಕೈಗೆ ಬಂತು,
ಡ್ರೈವರನಿಗೆ ಮಗು ಹುಟ್ಟಿದೆಯಂತೆ, ಪೇಶಾವರದಲ್ಲಿ.
ಒಂದು ತೆಗೆದುಕೊಂಡೆ. ಹಿಂದಿನವನಿಗೆ ದಾಟಿಸಿದೆ.
ಅವನ ಬೆರಳು ನನ್ನದಕ್ಕೆ ತಾಗಿತು.
ಕ್ವಾರ್ಟರ್ಸಿನ ಗೇಟು ಬರುವವರೆಗೂ
ಖರ್ಜೂರ ಅಂಗೈಯಲ್ಲೇ ಇತ್ತು,
ಬೆಚ್ಚಗೆ, ಸ್ವಲ್ಪ ಅಂಟು.