ಕಳ್ಳಿತೋಟದಲ್ಲಿ ಆದಿತ್ಯವಾರ

ಸೋಮವಾರ, ಗುರುವಾರ ಯಂತ್ರದ ಪಾಲು.
ಅದರ ಮರುದಿನಗಳು ನಿದ್ದೆಯ ಪಾಲು.
ಆದಿತ್ಯವಾರ ಅಣ್ಣನದೇ,
ಹಾಗಾಗಿ ವಾಮಂಜೂರಿನ ಬಸ್ಸು ಹತ್ತಿದೆವು.
ನನ್ನ ಚೀಲದಲ್ಲಿ ಕೊಡೆ, ಅವನ ಮಾತ್ರೆ,
ಮಾರ್ಕರಿನಲ್ಲಿ ಗೀಟೆಳೆದ ಬಾಟಲಿ:
ಬೆಳಗಿನಿಂದ ರಾತ್ರಿವರೆಗೆ ಏಳುನೂರು ಎಂಎಲ್,
ಚಹಾ, ಗಂಜಿತಿಳಿ, ಮಾತ್ರೆ ನುಂಗುವ ಗುಟುಕು
ಎಲ್ಲ ಸೇರಿ.

ಮೇ ತಿಂಗಳ ಕೊನೆ. ಕಡಲ ಕಡೆ ಮೋಡ
ಇಳಿಯಲೋ ಬೇಡವೋ ಎಂದು ಕೂತಿತ್ತು.
ಗೇಟಿನಲ್ಲಿ ಟಿಕೆಟು ಕೊಡುವ ಹುಡುಗನಿಗೆ
"ಮಡಚಿ ಹರಿ ಮಾರಾಯ, ಅಂಚು ಹಾಳಾಗ್ತದೆ"
ಎಂದು ಪಾಠ ಹೇಳಿಯೇ ಒಳಗೆ ಬಂದ,
ಇಪ್ಪತ್ತೆರಡು ವರ್ಷ ಅದನ್ನೇ ಹರಿದವನು.

ಮುರಕಲ್ಲಿನ ಇಳಿಜಾರು. ಜಲ್ಲಿಯ ಮೇಲೆ
ಎಲ್ಲೆಲ್ಲಿಂದಲೋ ಬಂದವು, ನೆರಳು ಕೇಳದೆ ನಿಂತಿವೆ.
ಕೊಡಪಾನದಂಥದು, ಉಲ್ಲನ್ ಟೊಪ್ಪಿ ಹಾಕಿದ್ದು,
ಕಲ್ಲೆಂದು ತಿಳಿದು ತುಳಿಯಹೊರಟರೆ
ನಡುವೆ ಸೀಳು ಬಿಟ್ಟು ಹೂವಾದದ್ದು.
ಅಣ್ಣ ಬೋರ್ಡು ಓದತೊಡಗಿದ, ಮೊದಲು ಮೆಲ್ಲಗೆ,
ಆಮೇಲೆ ಹಳೆಯ ಗಂಟಲಲ್ಲಿ,
ಫುಟ್‌ಬೋರ್ಡಿನಲ್ಲಿ ಜೋತು ಕೂಗಿದ ಹಾಗೆ:
"ಮೆಕ್ಸಿಕೋ ಮೆಕ್ಸಿಕೋ ಮೆಕ್ಸಿಕೋ!
ಮಡಗಾಸ್ಕರ್‌ನವರು ಮುಂದೆ ಬನ್ನಿ!
ಸ್ಟೇಟ್‌ಬ್ಯಾಂಕಿಗೆ ಹೋಗುದಿಲ್ಲ!"
ಫೋಟೋ ತೆಗೆಯುತ್ತಿದ್ದ ಹುಡುಗಿಯರು ನಕ್ಕರು.
ಏಳು ತಿಂಗಳ ಮೇಲೆ ಆ ದನಿ.
ನಾನು ನಗಲು ಸ್ವಲ್ಪ ತಡವಾಯಿತು.

ಒಂದು ಮುಳ್ಳಿನ ತುದಿ ಮುಟ್ಟಿ ನೋಡಿದ.
"ಹದಿನಾರು ನಂಬರಿನ ಸೂಜಿ," ಎಂದ.
ಎಡಗೈ ಮೊಣಕೈಯ ಬಳಿ ಗಂಟಿನೊಳಗೆ
ದುಂಬಿಯೊಂದು ಸದಾ ಗುಂಯ್ಯೆನ್ನುತ್ತದೆ.
ಆ ಕೈಯನ್ನು ಅವನು ಮುಂದೆ ಚಾಚಲಿಲ್ಲ.

ಬುಟ್ಟಿ ಹಿಡಿದು ಬಂದಳು ದೇಜಮ್ಮ,
ಈ ಮುಳ್ಳುಗಳ ಮಧ್ಯೆ ಬರಿಗಾಲಲ್ಲಿ.
"ಒತ್ತಿ ನೋಡಿ," ಎಂದು ದಪ್ಪ ಎಲೆಯೊಂದನ್ನು ತೋರಿಸಿದಳು.
ಒತ್ತಿದೆ. ಬೆರಳನ್ನೇ ಹಿಂದಕ್ಕೆ ತಳ್ಳಿತು.
ಒಳಗೆಲ್ಲ ನೀರು, ಹೊರಗೆ ಒಂದು ಹನಿಯಿಲ್ಲ.
ನಿನ್ನೆ ರಾತ್ರಿ ಅಣ್ಣನ ಕಣಕಾಲು ಒತ್ತಿದ್ದೆ.
ಬೆರಳು ತೆಗೆದ ಮೇಲೂ ಗುಳಿ ಅಲ್ಲೇ ಉಳಿಯಿತು,
ಅವನು ಲುಂಗಿ ಕೆಳಗೆಳೆದುಕೊಂಡ,
ನಾನು ಫ್ಯಾನಿನ ಕಡೆ ನೋಡಿದೆ.

"ಇವಕ್ಕೆ ಎಷ್ಟು ನೀರು?" ಅಣ್ಣ ಕೇಳಿದ.
ಕೇಳುವ ರೀತಿಯಲ್ಲಿ ಏನೋ ಇತ್ತು. ದೇಜಮ್ಮ ಬುಟ್ಟಿ ಕೆಳಗಿಟ್ಟಳು.
"ಬೇಸಗೆಯಲ್ಲಿ ಹದಿನೈದು ದಿನಕ್ಕೊಂದು ಚೆಂಬು.
ಬಿಸಿಲಿಗೆ ಒಂದೂ ಸತ್ತದ್ದಿಲ್ಲ, ಅಣ್ಣ.
ನಮ್ಮ ಊರಿನ ಮಳೆಯೇ ಆಗಿಬರುದಿಲ್ಲ.
ಆಟಿ ತಿಂಗಳಲ್ಲಿ ನೋಡಿದರೆ ಮೇಲೆ ಹಸಿರು, ಕೊಬ್ಬಿದ ಹಾಗೆ,
ಎತ್ತಿದರೆ ಬುಡ ಕೈಯಲ್ಲೇ ಬರ್ತದೆ."
ಮತ್ತೆ ಕೈ ಒರೆಸಿಕೊಂಡು,
"ದಾಹ ಇದ್ದರೂ ಕೊಡ್ಲಿಕ್ಕಾಗುದಿಲ್ಲ," ಎಂದಳು.
ಅಣ್ಣ ಬೋರ್ಡಿಲ್ಲದ ಒಂದು ಗಿಡವನ್ನು
ಬಹಳ ಹೊತ್ತು ಓದಿದ.

ಆಮೇಲೆ ಗಾಳಿ. ಜಲ್ಲಿಯ ಮೇಲೆ ಟಪ್ಪೆಂದಿತು ಮೊದಲ ಹನಿ,
ಬಿಸಿ ಕಲ್ಲಿನ ವಾಸನೆ ಮೂಗಿಗೆ ಬರುವಷ್ಟರಲ್ಲಿ
ದೇಜಮ್ಮ ನೀಲಿ ಪ್ಲಾಸ್ಟಿಕ್ಕು ಎಳೆಯುತ್ತ ಓಡುತ್ತಿದ್ದಳು.
ಬೇಡ ಬೇಡವೆಂದರೂ ಒಂದು ತುದಿ ಅಣ್ಣನ ಕೈಯಲ್ಲಿ.
"ಹೋಲ್ಡಾನ್!" ಎಂದ, "ರೈಟ್, ಪೋಯಿ!" ಎಂದ,
ಮೆಕ್ಸಿಕೋ ಮುಚ್ಚಿತು, ಮಡಗಾಸ್ಕರ್ ಅರ್ಧ ಮುಚ್ಚಿತು.
ಉಳಿದರ್ಧಕ್ಕೆ ನನ್ನ ಕೊಡೆ ಬಿಚ್ಚಿ ಹಿಡಿದೆ,
ಮನುಷ್ಯರು ಮೂವರೂ ತೊಯ್ದೆವು.

ಅವನು ಮುಖ ಮೇಲೆತ್ತಿದ್ದ.
ಬಾಯಿ ತೆರೆದಿತ್ತೇ? ನಾನಿದ್ದಲ್ಲಿಂದ
ಕತ್ತು ಮಾತ್ರ ಕಾಣುತ್ತಿತ್ತು,
ಅದರಲ್ಲಿ ಗಂಟಲ ಮಣಿ ಒಮ್ಮೆ ಇಳಿದು ಏರಿದ್ದು.

ರಾತ್ರಿ ಪುಸ್ತಕದಲ್ಲಿ ಬರೆದೆ: ಆರುನೂರ ಐವತ್ತು.
ಪೆನ್ನು ಮುಚ್ಚಿದೆ. ತೆರೆದೆ.
ಮತ್ತೇನೂ ಬರೆಯಲಿಲ್ಲ.
ಹಗ್ಗದ ಮೇಲೆ ಅವನ ಅಂಗಿ
ತನ್ನ ಪಾಡಿಗೆ ತೊಟ್ಟಿಕ್ಕುತ್ತಿತ್ತು.